ಹೊಲಗೇರಿಯ ನಾಲಗೆ ಮತ್ತು ಭಾಷಾ ಸಂಶೋಧನೆ

ಬರಗೂರಿನ ಕಡೆ ನಾವು 'ಐತೆ' ಅಂತೀವಿ, 'ಓಗ್ತೀನಿ' ಅಂತೀವಿ. ಶಾಲೆಯಲ್ಲಿ ಇದು ತಪ್ಪು; ವಿಶ್ವವಿದ್ಯಾಲಯದಲ್ಲಿ ಇದೇ ಸಂಶೋಧನೆಯ ವಸ್ತು. ಒಂದೇ ಮಾತಿಗೆ ಒಂದು ಕಡೆ ಕೆಂಪು ಗೆರೆ, ಇನ್ನೊಂದು ಕಡೆ ಪದವಿ. ಗೆರೆ ಎಳೆಸಿಕೊಂಡವರು ಒಬ್ಬರು, ಪದವಿ ಪಡೆದವರು ಇನ್ನೊಬ್ಬರು. ಈ ಅಂತರ ಯಾಕೆ ಉಳಿಯಿತು ಎಂದು ಕೇಳುವುದು ಭಾಷಾವಿಜ್ಞಾನ ಓದುತ್ತಿರುವ ನಮ್ಮ ವಿದ್ಯಾರ್ಥಿಗಳ ಮೊದಲ ಕೆಲಸ.

ಈ ಶಾಸ್ತ್ರದಿಂದ ಆದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. 1960ರಲ್ಲಿ ವಿಲಿಯಂ ಬ್ರೈಟ್ ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಕನ್ನಡವನ್ನು ಎದುರುಬದುರು ಇಟ್ಟು ನೋಡಿದರು. ಒಂದು ಎರವಲು ಪದಗಳಲ್ಲಿ, ಅರ್ಥಗಳಲ್ಲಿ ಹೆಚ್ಚು ಬದಲಾಗಿತ್ತು. ಇನ್ನೊಂದು ಉಚ್ಚಾರದಲ್ಲಿ, ಪದರೂಪಗಳಲ್ಲಿ. ಅಂದರೆ ಬದಲಾವಣೆ ಎರಡರಲ್ಲೂ ಆಗಿದೆ. ಒಂದು ಶುದ್ಧ, ಇನ್ನೊಂದು ಕೆಟ್ಟದ್ದು ಅನ್ನೋ ಪುರೋಹಿತಶಾಹಿ ವಾದಕ್ಕೆ ಅಲ್ಲಿಗೆ ನೆಲೆ ತಪ್ಪಿತು. ಅದೇ ವರ್ಷ ಮೆಕಾರ್ಮ್ಯಾಕ್ ಧಾರವಾಡದ ಕನ್ನಡವನ್ನು ಬ್ರಾಹ್ಮಣ, ಬ್ರಾಹ್ಮಣೇತರ, ಹರಿಜನ ಎಂದು ಮೂರಾಗಿ ವಿಂಗಡಿಸಿದರು.

ಆದರೆ ವಿಂಗಡಿಸಿದರೆ ಸಾಕೆ? 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಯು.ಪಿ. ಉಪಾಧ್ಯಾಯರ 'ನಂಜನಗೂಡು ಕನ್ನಡ' ಪ್ರಕಟಿಸಿತು. ಅಚ್ಚುಕಟ್ಟಾದ ಕೆಲಸ. ಅದು ಒಕ್ಕಲಿಗರ ಕನ್ನಡ ಎಂದು ಶೀರ್ಷಿಕೆಯಲ್ಲೇ ಪ್ರಾಮಾಣಿಕವಾಗಿ ಹೇಳಿದೆ. ಅದೇ ತಾಲ್ಲೂಕಿನ ದಲಿತರ ನುಡಿ ಓದುಗಲೋಕವನ್ನು ಅಲುಗಾಡಿಸಿದ್ದು 1984ರಲ್ಲಿ, ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ. ವ್ಯಾಕರಣಕಾರ ಕಾಲಿಡದ ಕೇರಿಗೆ ಕಾದಂಬರಿಕಾರ ಹೋಗಬೇಕಾಗಲಿಲ್ಲ. ಅವನು ಅಲ್ಲೇ ಹುಟ್ಟಿದ್ದ. ವ್ಯತ್ಯಾಸ ಇರೋದು ಇಲ್ಲೇ.

ಹೊರಗಿನಿಂದ ಬಂದವನಿಗೆ ನಾವು 'ಆಕರ'. ಪಟ್ಟಿ ಹಿಡಿದು ಪದ ಕೇಳುತ್ತಾನೆ, ಬರೆದುಕೊಂಡು ಹೋಗುತ್ತಾನೆ. ಧ್ವನಿ ಸಿಕ್ಕಿತು, ಪ್ರತ್ಯಯ ಸಿಕ್ಕಿತು. ಆದರೆ ಗೌಡರ ಮನೆಯ ಎಂಟು ವರ್ಷದ ಹುಡುಗ ಎಪ್ಪತ್ತರ ಜೀತದಾಳನ್ನು 'ಬಾರೋ' ಅಂತ ಕರೆದು, ಆ ಮುದುಕ 'ಬಂದೆ ಬುದ್ದೀ' ಅಂದಾಗ, ಅಲ್ಲಿನ ಏಕವಚನ ಬರೀ ವ್ಯಾಕರಣವೆ? ಅದು ಅಧಿಕಾರ. 'ಮೈಲಿಗೆ' ಅನ್ನೋ ಒಂದೇ ಪದ ಅಗ್ರಹಾರದಲ್ಲಿ ಒಂದು ಅರ್ಥ, ಕೇರಿಯಲ್ಲಿ ಇನ್ನೊಂದು ಅನುಭವ. ಅರ್ಥವಿಚಾರ ಮಾಡುವವರು ಇದನ್ನು ಬಿಟ್ಟು ಏನು ಮಾಡುತ್ತಾರೆ? ಪಾವಗಡದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡು ನುಡಿ ಹೊತ್ತ ಆ ಮಗು ದಡ್ಡ ಅನ್ನಿಸಿಕೊಳ್ಳುವುದು ಯಾಕೆ? ದ್ವಿಭಾಷಿಕತೆಯ ಅಧ್ಯಯನ ಶುರುವಾಗಬೇಕಾದ್ದು ಅಲ್ಲಿಂದ.

ಶಿರಾ, ಮಧುಗಿರಿ, ಕೊರಟಗೆರೆಯ ಹಟ್ಟಿಗಳಿಂದ ಎಂ.ಎ.ಗೆ ಹೋದ ಗೆಳೆಯರಿಗೆ ನಮ್ಮದೊಂದು ಮಾತು: ಧ್ವನಿ, ಪದ, ವಾಕ್ಯ, ಅರ್ಥ, ಯಾವ ಶಾಖೆಯನ್ನಾದರೂ ಆರಿಸಿಕೊಳ್ಳಿ. ಆದರೆ ನಿಮ್ಮವ್ವನ ಮಾತನ್ನು ಬರೀ ಉದಾಹರಣೆ ಮಾಡಬೇಡಿ. ಆಕೆಯ ಪ್ರಶ್ನೆಯನ್ನೇ ಪ್ರಬಂಧದ ಪ್ರಶ್ನೆ ಮಾಡಿ. ಬರೆದದ್ದನ್ನು ಕನ್ನಡದಲ್ಲಿ ಊರಿನ ಮೇಷ್ಟರ ಕೈಗೆ ಕೊಡಿ. ಮೇಷ್ಟರು 'ಐತೆ'ಯನ್ನು ತಪ್ಪು ಅನ್ನದೆ 'ಇದೆ'ಯನ್ನೂ ಕಲಿಸಿದ ದಿನ, ನಿಮ್ಮ ಸಂಶೋಧನೆ ಪಾಸಾಯಿತು ಅಂತ ನಾವು ಒಪ್ಪುತ್ತೇವೆ.