ಗೋಷ್ಠಿ, ಕ್ಲಬ್ಬು ಮತ್ತು ಅಧಿಕಾರವಿಚಾರ

‘ಗೋಷ್ಠಿ’ ಎಂಬ ಶಬ್ದವು ‘ಗೋಷ್ಠ’ ಶಬ್ದದಿಂದ ಹುಟ್ಟಿದುದು. ಗೋಷ್ಠವೆಂದರೆ ದನಗಳು ನಿಲ್ಲುವ ಹಟ್ಟಿ. ದನ ಕೂಡುವ ಎಡೆಯ ಹೆಸರು ಕಾಲಕ್ರಮದಲ್ಲಿ ಜನ ಕೂಡುವ ಕೂಟಕ್ಕೆ ಸಂದಿತು. ವಾತ್ಸ್ಯಾಯನನು ಕಾಮಸೂತ್ರದ ನಾಗರಕವೃತ್ತಪ್ರಕರಣದಲ್ಲಿ, ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸುಗಳಿಂದ ಸಮಾನರಾದವರ ಕೂಟವೇ ಗೋಷ್ಠಿಯೆಂದು ನಿರೂಪಿಸಿದ್ದಾನೆ. ಇಂದಿನ ಕ್ಲಬ್ಬು ಈ ಲಕ್ಷಣಕ್ಕೆ ದೂರವಾದುದಲ್ಲ. ಕ್ಲಬ್ಬುಗಳಲ್ಲಿಯೂ ಗಾಲ್ಫ್ ಕ್ಲಬ್ಬಿಗೆ ಪ್ರತಿಷ್ಠೆಯು ಹೆಚ್ಚು. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹುಲ್ಲುಗಾವಲಿಗೆ ಗಾಯರಾಣವೆಂದು ಹೆಸರು, ಅದು ಊರಿನವರೆಲ್ಲರದು. ಗಾಲ್ಫ್ ಕ್ಲಬ್ಬಿನಲ್ಲಿಯೂ ಇರುವುದು ಹುಲ್ಲೇ. ಆದರೆ ಅದಕ್ಕೆ ಬೇಲಿಯುಂಟು, ಬಾಗಿಲುಂಟು. ಹೀಗಿರಲು, ಜನರನ್ನು ಸೆಳೆಯುವುದು ಹುಲ್ಲಿನ ಮೇಲಣ ಆಟವೋ ಅಥವಾ ಬಾಗಿಲೋ ಎಂಬುದು ವಿಚಾರಾರ್ಹವಾಗಿದೆ.

ಕರ್ನಾಟಕದಲ್ಲಿ ಈ ಸಂಸ್ಥೆಗಳ ಚರಿತ್ರೆಯು ಆಂಗ್ಲರಿಂದ ಮೊದಲಾಗುತ್ತದೆ. ಬೆಂಗಳೂರು ಕ್ಲಬ್ಬು 1868ರಲ್ಲಿಯೂ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿಯೂ ಹುಟ್ಟಿದುವು. ಬೆಂಗಳೂರು ಕ್ಲಬ್ಬಿನಲ್ಲಿ ಭಾರತೀಯರಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ, ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1917ರಲ್ಲಿ ಸೆಂಚುರಿ ಕ್ಲಬ್ಬು ಸ್ಥಾಪಿತವಾಯಿತು. ಆತ್ಮಗೌರವದ ದೃಷ್ಟಿಯಿಂದ ಇದು ಶ್ಲಾಘ್ಯವೇ. ಆದರೂ ಒಂದು ಸಂಗತಿಯು ಗಮನಾರ್ಹವಾಗಿದೆ: ಬಾಗಿಲ ಹೊರಗೆ ನಿಂತವರು ಕಟ್ಟಿದುದೂ ಬಾಗಿಲುಳ್ಳ ಇನ್ನೊಂದು ಮನೆಯನ್ನೇ. ಹೊರಗಿಡುವ ಪದ್ಧತಿಯು ಹೊರಗಿಡಲ್ಪಟ್ಟವರಿಗೂ ಆದರ್ಶವಾಗಿ ತೋರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಪೂರ್ವಪಕ್ಷವು ಹೀಗಿದೆ: ಪ್ರತಿಯೊಬ್ಬ ಗೃಹಸ್ಥನ ಮನೆಗೂ ಬಾಗಿಲುಂಟು, ಬೇಕಾದವರನ್ನು ಕರೆಯುವುದಕ್ಕೆ ಅವನು ಸ್ವತಂತ್ರನು. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಸಂವಿಧಾನವೂ ಕೊಟ್ಟಿದೆ. ಹದಿನೆಂಟು ಕುಳಿಗಳ ಮೈದಾನಕ್ಕೆ ವಿಶಾಲವಾದ ಭೂಮಿಯೂ ನಿತ್ಯದ ಆರೈಕೆಯೂ ಬೇಕು. ಸಾವಿರಾರು ಜನ ನುಗ್ಗಿದರೆ ಆಟವೇ ನಡೆಯಲಾರದು. ಮೇಲಾಗಿ, ಕಾರ್ಯಭಾರದಿಂದ ಬಳಲಿದವರಿಗೆ ಬೇಡುವವರಿಲ್ಲದ, ಹೊಗಳುವವರಿಲ್ಲದ ಒಂದು ಏಕಾಂತಸ್ಥಾನ ಬೇಕಲ್ಲವೇ?

ಈ ಪಕ್ಷವು ನಿಸ್ಸಾರವೇನೂ ಅಲ್ಲ. ಆದರೆ ಅಧಿಕಾರವನ್ನು ವಿಚಾರಿಸಿದಲ್ಲಿ ಇದರ ಕೊರತೆಯು ತೋರಿಬರುತ್ತದೆ. ಕರ್ಮಕ್ಕೆ ಅಧಿಕಾರಿಯು ಯಾರೆಂಬ ಪ್ರಶ್ನೆಗೆ, ಅರ್ಥಿಯೂ ಸಮರ್ಥನೂ ಆದವನು ಎಂದು ಮೀಮಾಂಸಕರು ಮೊದಲು ಹೇಳುವರು. ನಿಷೇಧಕ್ಕೆ ಒಳಗಾಗದವನು ಎಂಬ ಮಾತನ್ನು ಆಮೇಲೆ ಸೇರಿಸುವರು. ಆದುದರಿಂದ ಯೋಗ್ಯತೆಯು ಎರಡು ಬಗೆ. ಆಟವೇ ಕೇಳುವ ಯೋಗ್ಯತೆಯೊಂದು: ತೋಳಿನ ಹದ, ದೃಷ್ಟಿಯ ಸ್ಥೈರ್ಯ, ಅಭ್ಯಾಸ, ಸಹನೆ. ಬಾಗಿಲು ಕೇಳುವ ಯೋಗ್ಯತೆ ಮತ್ತೊಂದು: ಹೆಸರನ್ನು ಸೂಚಿಸುವವನು, ಅನುಮೋದಿಸುವವನು, ಪ್ರವೇಶಧನ, ವರುಷಗಟ್ಟಲೆ ಕಾಯುವ ತಾಳ್ಮೆ, ಮೇಲೆ ಉಡುಪು.

ಗಾಲ್ಫ್ ಆಟವಾದರೋ ಸ್ವಭಾವದಿಂದ ಸಮದರ್ಶಿಯಾಗಿದೆ. ಅದರಲ್ಲಿ ಹ್ಯಾಂಡಿಕ್ಯಾಪ್ ಎಂಬ ಲೆಕ್ಕವುಂಟು; ಅದರಿಂದ ದುರ್ಬಲನು ಬಲಿಷ್ಠನ ಸಂಗಡ ಸರಿಸಮನಾಗಿ ಆಡಬಲ್ಲನು. ಅದರ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹಳೆಯ ಮೈದಾನವು ಇಂದಿಗೂ ಸಾರ್ವಜನಿಕರ ಸ್ವತ್ತಾಗಿದ್ದು, ಸಾಮಾನ್ಯವಾಗಿ ಆದಿತ್ಯವಾರ ಆಟ ನಿಲ್ಲಿಸಿ ಊರಿನವರ ತಿರುಗಾಟಕ್ಕೆ ಬಿಡಲ್ಪಡುತ್ತದೆ. ಗಾಯರಾಣದ ಧರ್ಮವೇ ಅಲ್ಲಿಯದು. ಆದರೆ ಅದರ ಮಗ್ಗುಲಲ್ಲಿ ಬಾಗಿಲುಳ್ಳ ರಾಯಲ್ ಅಂಡ್ ಏನ್ಶಿಯೆಂಟ್ ಕ್ಲಬ್ಬು 1754ರಲ್ಲಿ ಹುಟ್ಟಿ, ಸ್ತ್ರೀಯರನ್ನು ಸದಸ್ಯರಾಗಿ ಸೇರಿಸಲು ಒಪ್ಪಿದುದು 2014ರಲ್ಲಿ. 2017ರಲ್ಲಿ ದಿಲ್ಲಿಯ ಗಾಲ್ಫ್ ಕ್ಲಬ್ಬಿನಲ್ಲಿ, ಅತಿಥಿಯಾಗಿ ಬಂದಿದ್ದ ಮೇಘಾಲಯದ ಮಹಿಳೆಯೊಬ್ಬರು ಖಾಸಿ ಜನರ ಜೈನ್‌ಸೆಮ್ ಉಡುಪಿನಲ್ಲಿದ್ದ ಕಾರಣ, ಊಟದ ಶಾಲೆಯನ್ನು ಬಿಟ್ಟು ಹೋಗಬೇಕೆಂದು ಅವರಿಗೆ ಹೇಳಲಾಯಿತು. ತರುವಾಯ ಕ್ಲಬ್ಬು ಕ್ಷಮೆ ಕೇಳಿತು. ಆ ಉಡುಪಿನಿಂದ ಆಟಕ್ಕೆ ಬಂದ ಬಾಧೆಯಾದರೂ ಏನು? ಯಾವುದೂ ಇಲ್ಲ. ಅಲ್ಲಿ ಕಾಯಲ್ಪಟ್ಟುದು ಬಾಗಿಲು ಮಾತ್ರ.

ಗಾಲ್ಫ್ ಮೈದಾನವಿಲ್ಲದ ಹಳ್ಳಿಗಳಿಗೆ ಈ ಚರ್ಚೆಯಿಂದೇನು ಎಂದು ಕೆಲವರು ಅನ್ನಬಹುದು. ಆದರೆ ಬಾಗಿಲು ಎಲ್ಲೆಲ್ಲಿಯೂ ಉಂಟು. ನವಲಗುಂದದ ಜಮಖಾನೆಯು ನವಿಲು ಮೊದಲಾದ ಚಿತ್ತಾರಗಳಿಂದ ಪ್ರಸಿದ್ಧವಾದುದು. ಅದನ್ನು ನೇಯುವ ಮುಸಲ್ಮಾನ ಮನೆತನಗಳ ಸ್ತ್ರೀಯರು, ಮದುವೆಯಾಗಿ ಹೋಗುವ ಮಗಳ ಸಂಗಡ ಕಸುಬಿನ ಮರ್ಮವು ಹೊರಹೋಗಬಾರದೆಂದು, ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರೆಂದು ಪ್ರತೀತಿ. ಬಡವರು ಅನ್ನದ ದಾರಿಯನ್ನು ಕಾಯ್ದುಕೊಂಡುದನ್ನು ಧನಿಕರ ವಿಲಾಸದೊಡನೆ ಸಮೀಕರಿಸುವುದು ಅನ್ಯಾಯ. ಆದರೂ ಇಂದು ನೇಯುವ ಕೈಗಳು ಬಹಳ ಕಡಿಮೆಯಾಗಿವೆ. ಅಲ್ಪ ಕೂಲಿ, ಯಂತ್ರದ ಅಗ್ಗದ ಸರಕುಗಳೂ ಇದಕ್ಕೆ ಕಾರಣವೇ. ಆದರೆ ಮುಚ್ಚಿದ ಬಾಗಿಲು ಕಲೆಯನ್ನು ಉಳಿಸಲಿಲ್ಲವೆಂಬುದು ನಿಶ್ಚಿತ.

ಕುಂದಗೋಳದ ಮಾತೇ ಬೇರೆ. ಸವಾಯಿ ಗಂಧರ್ವರ (1886–1952) ಬಳಿ ವಿದ್ಯೆಗೆ ಕಠಿಣವಾದ ಪರೀಕ್ಷೆಯಿತ್ತು. ಭೀಮಸೇನ ಜೋಶಿಯವರು ಗುರುಗೃಹಕ್ಕೆ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡರು. ಇದೂ ಆಯ್ಕೆಯೇ, ಆದರೆ ಆ ಆಯ್ಕೆಯನ್ನು ಮಾಡಿದುದು ಸ್ವರವೂ ಶ್ರಮವೂ. ಇನ್ನು ಗುರುವಿನ ಪುಣ್ಯಸ್ಮರಣೆಗಾಗಿ ನಾಡಿಗೇರ ಮನೆತನದ ವಾಡೆಯಲ್ಲಿ ನಡೆದುಬಂದಿರುವ ಅಹೋರಾತ್ರಿ ಸಂಗೀತದಲ್ಲಿ, ದೊಡ್ಡ ವಿದ್ವಾಂಸರ ಎದುರು ಊರಿನ ರೈತನೂ ಕುಳಿತು ಕೇಳುವನು. ವಾಡೆಯು ಖಾಸಗಿ ಸ್ವತ್ತೇ, ಅದಕ್ಕೂ ಬಾಗಿಲುಂಟು. ಆದರೆ ಆ ರಾತ್ರಿ ಅದು ತೆರೆದಿರುತ್ತದೆ. ಹಾಗೆಂದು ಸಂಗೀತದ ಮಟ್ಟವು ಇಳಿದಿಲ್ಲ.

ವಾತ್ಸ್ಯಾಯನನು ಸಮಾನರ ಕೂಟವೆಂದು ಹೇಳಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಗೋಷ್ಠಿಯಲ್ಲಿ ಕೇವಲ ಸಂಸ್ಕೃತವನ್ನೂ ಆಡಬಾರದು, ಕೇವಲ ದೇಶಭಾಷೆಯನ್ನೂ ಆಡಬಾರದು ಎಂದನು; ಲೋಕದ್ವೇಷಕ್ಕೆ ಪಾತ್ರವಾದ, ಸ್ವೇಚ್ಛೆಯಿಂದ ನಡೆಯುವ, ಪರರನ್ನು ನೋಯಿಸುವ ಗೋಷ್ಠಿಗೆ ತಿಳಿದವನು ಇಳಿಯಬಾರದೆಂದು ನಿಷೇಧಿಸಿದನು. ಭೋಗಶಾಸ್ತ್ರವನ್ನು ಬರೆದವನಿಗೂ ಈ ಎಲ್ಲೆ ಕಂಡಿತ್ತು. ಆದುದರಿಂದ ಸಿದ್ಧಾಂತವಿಷ್ಟು: ವಸ್ತುವೇ ಕೇಳುವ ಯೋಗ್ಯತೆಯನ್ನು ಎಷ್ಟು ಕಠಿಣವಾಗಿ ಕೇಳಿದರೂ ದೋಷವಿಲ್ಲ, ಅದರಿಂದ ವಸ್ತುವೇ ಉಳಿಯುತ್ತದೆ. ಬಾಗಿಲು ಕೇಳುವ ಯೋಗ್ಯತೆಯಿಂದ ಉಳಿಯುವುದು ಒಳಗಿದ್ದವರ ಅಭಿಮಾನವೊಂದೇ. ಆಟದ ಸುಖಕ್ಕೆ ಹೊರಗೆ ನಿಂತವನ ಅವಶ್ಯಕತೆಯಿಲ್ಲ. ಬಾಗಿಲಿನ ಸುಖಕ್ಕಾದರೋ ಅವನು ಹೊರಗೆ ನಿಂತೇ ಇರಬೇಕು.