ಪ್ರಶಸ್ತಿಯೂ ದತ್ತಿಯೂ: ಒಂದು ಹಡಗು ಎಂಜಿನ್ ಸಂಸ್ಥೆಯ ಚರಿತ್ರೆಯನ್ನು ಕುರಿತು

ಶಾಸನಗಳನ್ನು ಓದಲು ತೊಡಗುವ ವಿದ್ಯಾರ್ಥಿಗೆ ಮೊದಲು ಕಲಿಸತಕ್ಕ ವಿವೇಕವೊಂದುಂಟು. ಶಾಸನದ ಪ್ರಶಸ್ತಿಭಾಗವನ್ನೂ ದತ್ತಿಭಾಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪ್ರಶಸ್ತಿಯಲ್ಲಿ ಅರಸನು ನಾಲ್ಕು ಸಮುದ್ರಗಳ ನಡುವಣ ನೆಲವನ್ನೆಲ್ಲ ಗೆದ್ದಿರುತ್ತಾನೆ. ದತ್ತಿಭಾಗದಲ್ಲಿ ಯಾರು, ಯಾರಿಗೆ, ಏನನ್ನು, ಯಾವ ಎಲ್ಲೆಯೊಳಗೆ, ಯಾವ ಕಟ್ಟಳೆಯ ಮೇಲೆ ಕೊಟ್ಟರೆಂಬುದು ಇರುತ್ತದೆ. ಪ್ರಶಸ್ತಿಯು ಸುಳ್ಳೆಂದು ನಾವು ಹೇಳುತ್ತಿಲ್ಲ. ಒಂದು ಕಾಲದವರು ತಮ್ಮನ್ನು ಹೇಗೆ ಕಾಣಿಸಿಕೊಳ್ಳಬಯಸಿದರೆಂಬುದಕ್ಕೆ ಅದು ಉತ್ತಮ ಸಾಕ್ಷಿಯೇ ಸರಿ. ಆದರೆ ಊರು, ಕೆರೆ, ಗದ್ದೆ, ತೆರಿಗೆಗಳ ಚರಿತ್ರೆಯನ್ನು ಬರೆಯಬೇಕಾದವನು ದತ್ತಿಭಾಗಕ್ಕೆ ಇಳಿಯಲೇಬೇಕು.

ಅರಸರ ವಿಷಯದಲ್ಲಿ ನಮಗಿರುವ ಈ ಎಚ್ಚರವು ಯಂತ್ರಗಳ ವಿಷಯಕ್ಕೆ ಬಂದೊಡನೆ ಸಡಿಲಗೊಳ್ಳುವುದನ್ನು ಕಾಣುತ್ತೇವೆ. ಕೈಗಾರಿಕಾ ಸಂಸ್ಥೆಗಳ ಚರಿತ್ರೆಯೆಂದು ನಮ್ಮ ಕೈಗೆ ಬರುವ ಬರಹಗಳಲ್ಲಿ ಬಹುಪಾಲು ಪ್ರಶಸ್ತಿಯ ಜಾತಿಯವು. ಜಗತ್ತಿನಲ್ಲೇ ಮೊದಲನೆಯದು, ಒಬ್ಬ ಮಹಾಪ್ರತಿಭನ ಸೃಷ್ಟಿ, ಒಂದು ಉನ್ನತಿ ಮತ್ತು ಒಂದು ಪತನ ಎಂಬ ಮೂರು ಮಾತುಗಳ ಮೇಲೆ ಆ ಬರಹಗಳು ನಿಂತಿರುತ್ತವೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಹಡಗುಗಳ ಡೀಸೆಲ್ ಎಂಜಿನ್‌ಗಳನ್ನು ನಿರ್ಮಿಸಿ ಹೆಸರಾದ ಬರ್ಮೈಸ್ಟರ್ ಮತ್ತು ವೇನ್ ಸಂಸ್ಥೆಯ ಚರಿತ್ರೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಮೂರು ಮಾತುಗಳನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಈ ಸಂಸ್ಥೆಯ ಮೂಲವು ಹಾನ್ಸ್ ಹೈನ್ರಿಚ್ ಬೌಮ್‌ಗಾರ್ಟನ್ ಎಂಬಾತನು 1843ರಲ್ಲಿ ಕೋಪನ್‌ಹೇಗನ್ನಿನಲ್ಲಿ ತೆರೆದ ಒಂದು ಯಂತ್ರಶಾಲೆ. 1846ರಲ್ಲಿ ಕಾರ್ಲ್ ಕ್ರಿಶ್ಚಿಯನ್ ಬರ್ಮೈಸ್ಟರ್ ಅದರ ಪಾಲುದಾರನಾದನು. 1865ರಲ್ಲಿ ವಿಲಿಯಂ ವೇನ್ ಎಂಬ ಇಂಗ್ಲಿಷ್ ಎಂಜಿನಿಯರನು ಸೇರಿದ ಮೇಲೆ ಇಂದು ಪ್ರಸಿದ್ಧವಾಗಿರುವ ಜೋಡಿಹೆಸರು ಬಂದಿತು. ಆ ಕಾಲದಲ್ಲಿ ಇದು ಹಡಗುಗಳನ್ನೂ ಉಗಿಯಂತ್ರಗಳನ್ನೂ ಕಟ್ಟುತ್ತಿದ್ದ ಕಾರ್ಖಾನೆ. ಅದರ ಹೆಸರು ಲೋಕಕ್ಕೆ ತಿಳಿದದ್ದು 1912ರಲ್ಲಿ, ಸೆಲಾಂಡಿಯ ಎಂಬ ಹಡಗಿನಿಂದ.

ಈಸ್ಟ್ ಏಷ್ಯಾಟಿಕ್ ಕಂಪನಿಗಾಗಿ ಕಟ್ಟಿದ ಸೆಲಾಂಡಿಯವು 1912ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ನಿನಿಂದ ಹೊರಟು ಲಂಡನ್ನಿನ ಮಾರ್ಗವಾಗಿ ಬ್ಯಾಂಕಾಕಿಗೆ ಹೋಗಿ ಹಿಂದಿರುಗಿತು. ತಲಾ 1,250 ಅಶ್ವಶಕ್ತಿಯ, ಎಂಟೆಂಟು ಸಿಲಿಂಡರುಗಳ ಎರಡು ಡೀಸೆಲ್ ಎಂಜಿನ್‌ಗಳು ಅದನ್ನು ನಡೆಸುತ್ತಿದ್ದವು. ಬಾಯ್ಲರಿನ ದೊಡ್ಡ ಹೊಗೆಕೊಳವೆಯೇ ಅದಕ್ಕಿರಲಿಲ್ಲ. ಎಂಜಿನ್ನಿನ ಹೊಗೆಯನ್ನು ಕೂವೆಕಂಬದ ಮೂಲಕ ಹೊರಬಿಡುತ್ತಿದ್ದರು. ಆಗ ಬ್ರಿಟಿಷ್ ನೌಕಾಖಾತೆಯ ಮುಖ್ಯಸ್ಥನಾಗಿದ್ದ ವಿನ್‌ಸ್ಟನ್ ಚರ್ಚಿಲ್ ಲಂಡನ್ನಿನಲ್ಲಿ ಈ ಹಡಗನ್ನು ಹತ್ತಿ ನೋಡಿದನು. ಕಲ್ಲಿದ್ದಲನ್ನು ಒಲೆಗೆ ಎಸೆಯುವ ಆಳುಗಳ ದೊಡ್ಡ ಪಡೆ ಬೇಡ, ಬಾಯ್ಲರಿಗೂ ಕಲ್ಲಿದ್ದಲಿಗೂ ಸ್ಥಳ ಬೇಡ, ಒಂದೇ ತೂಕದ ಇಂಧನದಿಂದ ಹೆಚ್ಚು ದೂರ ಸಾಗಬಹುದು ಎಂಬ ಸಂಗತಿಗಳು ಅಂದಿನವರನ್ನು ಬೆರಗುಗೊಳಿಸಿದುದು ಸಹಜವೇ ಆಗಿದೆ.

ಸೆಲಾಂಡಿಯವೇ ಜಗತ್ತಿನ ಮೊದಲ ಡೀಸೆಲ್ ಹಡಗೆಂಬ ಮಾತು ಹುಟ್ಟಿದ್ದು ಈ ಬೆರಗಿನಲ್ಲಿ. ಈ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. 1903ರಲ್ಲಿಯೇ ವೋಲ್ಗಾ ನದಿಯಲ್ಲಿ ನೊಬೆಲ್ ಸೋದರರ ಎಣ್ಣೆ ಸಾಗಿಸುವ ವಂಡಾಲ್ ಎಂಬ ನೌಕೆಯು ಡೀಸೆಲ್ ಎಂಜಿನ್‌ಗಳಿಂದ ವಿದ್ಯುತ್ತನ್ನು ಪಡೆದು ಅದರಿಂದ ಚಲಿಸುತ್ತಿತ್ತು. 1910ರಲ್ಲಿ ಆಮ್‌ಸ್ಟರ್‌ಡಾಮಿನ ವೆರ್ಕ್‌ಸ್ಪೂರ್ ಸಂಸ್ಥೆಯ ಎಂಜಿನ್ ಹೊತ್ತ ವಲ್ಕಾನಸ್ ಎಂಬ ಎಣ್ಣೆಹಡಗು ಸಮುದ್ರಕ್ಕೇ ಇಳಿದಿತ್ತು. ಆದುದರಿಂದ ಸೆಲಾಂಡಿಯವನ್ನು ಮೊದಲನೆಯದೆನ್ನಬೇಕಾದರೆ ಮಹಾಸಾಗರವನ್ನು ದಾಟುವ, ದೊಡ್ಡ ಗಾತ್ರದ, ಸರಕು ಮತ್ತು ಪ್ರಯಾಣಿಕರ ಹಡಗು ಎಂದು ವಿಶೇಷಣದ ಮೇಲೆ ವಿಶೇಷಣವನ್ನು ಸೇರಿಸುತ್ತ ಹೋಗಬೇಕು. ವಿಶೇಷಣಗಳನ್ನು ಸಾಕಷ್ಟು ಸೇರಿಸಿದರೆ ಯಾವ ಹಡಗನ್ನಾದರೂ ಯಾವುದಾದರೊಂದರಲ್ಲಿ ಮೊದಲನೆಯದನ್ನಾಗಿ ಮಾಡಬಹುದು. ಬಿರುದುಗಳು ಬೆಳೆಯುವ ಬಗೆಯೇ ಇದು.

ಸೆಲಾಂಡಿಯದ ನಿಜವಾದ ಮಹತ್ತ್ವ ಬೇರೆಡೆಯಲ್ಲಿದೆಯೆಂದು ನಮ್ಮ ಅಭಿಪ್ರಾಯ. ಅದರ ಹಿಂದಿನ ನೌಕೆಗಳು ಡೀಸೆಲ್ ಎಂಜಿನ್ ನೀರಿನ ಮೇಲೆ ನಡೆಯಬಲ್ಲುದೆಂದು ತೋರಿಸಿದ್ದವು. ಯೂರೋಪಿನಿಂದ ಪೂರ್ವದೇಶಗಳಿಗೆ ನಿಯತವಾಗಿ ವ್ಯಾಪಾರ ನಡೆಸುವ ಕಂಪನಿಯೊಂದು ತನ್ನ ಹಣವನ್ನೂ ಗಿರಾಕಿಗಳ ಸರಕನ್ನೂ ನಂಬಿಕೆಯಿಂದ ಅದರ ಮೇಲೆ ಹೇರಬಹುದೆಂದು ತೋರಿಸಿದುದು ಸೆಲಾಂಡಿಯ. ಹೀಗೆ ನೋಡಿದಾಗ ಹಡಗನ್ನು ಕಟ್ಟಿದವರಷ್ಟೇ ಅದನ್ನು ಕೊಳ್ಳಲು ಧೈರ್ಯ ಮಾಡಿದ ಎಚ್. ಎನ್. ಆಂಡರ್ಸನ್ನನ ಕಂಪನಿಯೂ ಚರಿತ್ರೆಗೆ ಮುಖ್ಯವಾಗುತ್ತದೆ.

2

ಎರಡನೆಯ ಮಾತು ಮಹಾಪ್ರತಿಭನನ್ನು ಕುರಿತದ್ದು. ರುಡಾಲ್ಫ್ ಡೀಸೆಲ್ಲನ ಎಂಜಿನ್ನಿನ ತತ್ತ್ವ ಸರಳವಾದುದು. ಸಿಲಿಂಡರಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ; ಆ ಕಾದ ಗಾಳಿಗೆ ಎಣ್ಣೆಯನ್ನು ಎರಚಿದರೆ ಕಿಡಿಯ ನೆರವಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಈ ತತ್ತ್ವವು ಯಂತ್ರವಾಗಲು ಜರ್ಮನಿಯ ಔಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ 1893ರಿಂದ 1897ರವರೆಗೆ ಹೋರಾಡಬೇಕಾಯಿತು. 1897ರ ಪರೀಕ್ಷೆಯಲ್ಲಿ ಅದರ ದಕ್ಷತೆ ಸುಮಾರು 26 ಶೇಕಡಾ ಇದ್ದಿತು. ಅಂದಿನ ಉಗಿಯಂತ್ರಗಳು ಇದರ ಸಮೀಪಕ್ಕೂ ಬರುತ್ತಿರಲಿಲ್ಲ.

ಮರುವರ್ಷ, 1898ರಲ್ಲಿ, ಬರ್ಮೈಸ್ಟರ್ ಮತ್ತು ವೇನ್ ಸಂಸ್ಥೆಯು ಈ ಎಂಜಿನ್ನನ್ನು ಡೆನ್ಮಾರ್ಕಿನಲ್ಲಿ ತಯಾರಿಸುವ ಪರವಾನಗಿಯನ್ನು ಪಡೆಯಿತು. ಪರವಾನಗಿ ಕೈಗೆ ಬಂದೊಡನೆ ಎಂಜಿನ್ ಬರಲಿಲ್ಲವೆಂಬುದು ಇಲ್ಲಿ ಮುಖ್ಯ. ಮಾರಾಟಕ್ಕೆ ಯೋಗ್ಯವಾದ ಯಂತ್ರ ಸಿದ್ಧವಾಗಲು ಐದಾರು ವರ್ಷಗಳು ಹಿಡಿದವು. ನೆಲದ ಮೇಲೆ ಒಂದೇ ದಿಕ್ಕಿನಲ್ಲಿ ತಿರುಗಿಕೊಂಡಿದ್ದ ಯಂತ್ರವನ್ನು ಹಡಗಿಗೆ ತಕ್ಕಂತೆ ಮುಂದಕ್ಕೂ ಹಿಂದಕ್ಕೂ ತಿರುಗುವಂತೆ ಮಾಡಲು ಇನ್ನೂ ಕೆಲವು ವರ್ಷಗಳು ಬೇಕಾದವು. ಈ ಕಾರ್ಯದಲ್ಲಿ ಮುಂದಾಳಾಗಿದ್ದವನು ಈವಾರ್ ಕ್ನುಡ್ಸೆನ್. ಡೀಸೆಲ್ಲನ ಹೆಸರು ಎಂಜಿನ್ನಿಗೇ ಅಂಟಿತು. ಕ್ನುಡ್ಸೆನ್ನನ ಹೆಸರು ಡೆನ್ಮಾರ್ಕಿನ ಹೊರಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಡೀಸೆಲ್ಲನ ಬದಲು ಕ್ನುಡ್ಸೆನ್ನನನ್ನು ಪೀಠದ ಮೇಲೆ ಕುಳ್ಳಿರಿಸಿದರೆ ತಪ್ಪು ತಿದ್ದಿದಂತಾಗುವುದಿಲ್ಲ. ಪ್ರಶಸ್ತಿಯ ನಾಯಕ ಬದಲಾದನೇ ಹೊರತು ಪ್ರಶಸ್ತಿ ಪ್ರಶಸ್ತಿಯಾಗಿಯೇ ಉಳಿಯಿತು.

ದತ್ತಿಭಾಗಕ್ಕೆ ಇಳಿದರೆ ಬೇರೊಂದು ಚಿತ್ರ ಕಾಣುತ್ತದೆ. 1898ರಲ್ಲಿ ಪರವಾನಗಿಯನ್ನು ಪಡೆದ ಸಂಸ್ಥೆಯು 1912ರಲ್ಲಿ ತಾನೇ ಪರವಾನಗಿಯನ್ನು ಕೊಡುವ ಸಂಸ್ಥೆಯಾಯಿತು. ಅದರ ಮಾದರಿಯ ಎಂಜಿನ್‌ಗಳನ್ನು ಬ್ರಿಟನ್ನಿನಲ್ಲಿ ತಯಾರಿಸಲು ಗ್ಲಾಸ್ಗೋ ನಗರದಲ್ಲಿ ಕಂಪನಿಯೊಂದು ಹುಟ್ಟಿ, ಆ ಕೆಲಸ ಹಾರ್ಲಂಡ್ ಮತ್ತು ವುಲ್ಫ್ ಹಡಗುಕಟ್ಟೆಯವರ ಕೈಸೇರಿತು. 1926ರಲ್ಲಿ ಜಪಾನಿನ ಮಿತ್ಸುಯಿ ಸಂಸ್ಥೆಯು ಪರವಾನಗಿ ಪಡೆಯಿತು. ಒಂದು ಸಣ್ಣ ದೇಶದ ಸಂಸ್ಥೆಯು ತಾನೇ ಎಲ್ಲ ಎಂಜಿನ್‌ಗಳನ್ನೂ ತಯಾರಿಸಿ ಲೋಕವನ್ನು ತುಂಬುವುದು ಸಾಧ್ಯವಿರಲಿಲ್ಲ. ನಕ್ಷೆಯನ್ನೂ ಅನುಭವವನ್ನೂ ಕೊಟ್ಟು ಪ್ರತಿ ಎಂಜಿನ್ನಿಗೂ ಪಾಲು ಪಡೆಯುವುದು ಸಾಧ್ಯವಿತ್ತು. ಪರವಾನಗಿ ಪಡೆದವನು ಅನುಕರಣ ಮಾಡಿದವನು, ಕೊಟ್ಟವನು ಸೃಷ್ಟಿಸಿದವನು ಎಂದು ಗೆರೆ ಎಳೆಯುವ ವಿಮರ್ಶೆಯು ಈ ಸಂಸ್ಥೆಯ ಮುಂದೆ ಸೋಲುತ್ತದೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಅದು ಎರಡೂ ಆಗಿತ್ತು. ಪಡೆದುದನ್ನು ಪೂರ್ತಿಯಾಗಿ ಅರಗಿಸಿಕೊಂಡದ್ದರಿಂದಲೇ ಕೊಡಲು ಶಕ್ತವಾಯಿತು.

3

ಇಷ್ಟರಿಂದ ದತ್ತಿಭಾಗವೇ ಪೂರ್ಣಸತ್ಯವೆಂದು ಭಾವಿಸಬಾರದು. ಭೂಮಿಯನ್ನು ಕೊಟ್ಟವನೂ ಪಡೆದವನೂ ಶಾಸನದಲ್ಲಿ ಇರುತ್ತಾರೆ. ಅದನ್ನು ಉಳುತ್ತಿದ್ದವನು ಅಪರೂಪವಾಗಿ ಕಾಣಿಸುತ್ತಾನೆ. ನಾವು ಹಿಡಿದಿರುವ ದಾರಿಯ ಕೊರತೆಯೂ ಇದೇ. ಪರವಾನಗಿಯ ಕರಾರುಗಳಲ್ಲಿ ಕಾರ್ಖಾನೆಯ ಕೆಲಸಗಾರರು ಕಾಣಸಿಗರು.

ಜರ್ಮನಿಯು 1940ರ ಏಪ್ರಿಲಿನಲ್ಲಿ ಡೆನ್ಮಾರ್ಕನ್ನು ಆಕ್ರಮಿಸಿತು. ಬರ್ಮೈಸ್ಟರ್ ಮತ್ತು ವೇನ್ ಕಾರ್ಖಾನೆಯು ಜರ್ಮನರ ನೌಕಾಬಲಕ್ಕೆ ಒದಗುತ್ತಿದೆಯೆಂಬ ಕಾರಣದಿಂದ 1943ರ ಜನವರಿ 27ರಂದು ಬ್ರಿಟಿಷ್ ವಿಮಾನಗಳು ಅದರ ಮೇಲೆ ಬಾಂಬು ಹಾಕಿದವು. ನೆರೆಯ ಸಕ್ಕರೆ ಕಾರ್ಖಾನೆಯೂ ಪೆಟ್ಟುತಿಂದಿತು. ಎಂಜಿನ್ ಎಂಬುದು ಯಾರ ಹಡಗನ್ನಾದರೂ ನಡೆಸುತ್ತದೆಯೆಂಬ ಕಹಿ ಸತ್ಯವನ್ನು ಸಾಧನೆಗಳ ಪಟ್ಟಿಯಲ್ಲಿ ಸೇರಿಸುವುದು ಕಷ್ಟ. ಮುಂದೆ 1944ರ ಜೂನಿನಲ್ಲಿ ಜರ್ಮನರು ಕೋಪನ್‌ಹೇಗನ್ನಿನಲ್ಲಿ ರಾತ್ರಿ 8 ಗಂಟೆಯಿಂದ ಬೆಳಗಿನ 5 ಗಂಟೆಯವರೆಗೆ ಯಾರೂ ಹೊರಗೆ ತಿರುಗಕೂಡದೆಂದು ಆಜ್ಞೆ ಹೊರಡಿಸಿದರು. ಜೂನ್ 26ರಂದು ಈ ಕಾರ್ಖಾನೆಯ ಕೆಲಸಗಾರರು ಹೊತ್ತಿಗೆ ಮುಂಚೆಯೇ ಕೆಲಸ ಬಿಟ್ಟು ಹೊರಟರು. ತಾವು ಮುಷ್ಕರ ಹೂಡಿಲ್ಲ, ಸಂಜೆ ಹೊರಗಿರಲು ಬಿಡದಿರುವುದರಿಂದ ತಮ್ಮ ತರಕಾರಿ ತೋಟಗಳನ್ನು ಹಗಲಿನಲ್ಲಿಯೇ ನೋಡಿಕೊಳ್ಳಬೇಕಾಗಿದೆ ಎಂಬುದು ಅವರು ಕೊಟ್ಟ ಕಾರಣ. ಕೆಲವೇ ದಿನಗಳಲ್ಲಿ ಇಡೀ ನಗರವೇ ಮುಷ್ಕರ ಹೂಡಿತು. ಆಕ್ರಮಣಕಾರರು ಆಜ್ಞೆಯನ್ನು ಸಡಿಲಿಸಬೇಕಾಯಿತು. ಬಾಂಬಿಗೆ ಗುರಿಯಾದ ಕಾರ್ಖಾನೆಯೂ ಪ್ರತಿಭಟನೆಯು ಮೊಳೆತ ಕಾರ್ಖಾನೆಯೂ ಒಂದೇ. ಸಂಸ್ಥೆಯೆಂಬುದು ಒಂದು ಮನಸ್ಸಿನ ಒಬ್ಬ ವ್ಯಕ್ತಿಯಂತೆ ಎಂದು ಬರೆಯುವ ಚರಿತ್ರೆಯು ಈ ಎರಡನ್ನು ಒಟ್ಟಿಗೆ ಹಿಡಿದಿಡಲಾರದು.

4

ಇನ್ನು ಉನ್ನತಿ ಮತ್ತು ಪತನದ ಮಾತು. 1932ರಲ್ಲಿ ಸಂಸ್ಥೆಯು ಕೋಪನ್‌ಹೇಗನ್ನಿನ ಓರ್‌ಸ್ಟೆಡ್ ವಿದ್ಯುತ್ ಕೇಂದ್ರಕ್ಕೆ ಕಟ್ಟಿಕೊಟ್ಟ 22,500 ಅಶ್ವಶಕ್ತಿಯ ಎಂಜಿನ್ ಸುಮಾರು ಮೂವತ್ತು ವರ್ಷಗಳ ಕಾಲ ಜಗತ್ತಿನ ಅತ್ಯಂತ ದೊಡ್ಡ ಡೀಸೆಲ್ ಎಂಜಿನ್ನಾಗಿತ್ತು. 1980ರಲ್ಲಿ ಎಂಜಿನ್ ವಿಭಾಗವನ್ನು ಜರ್ಮನಿಯ ಎಂ.ಎ.ಎನ್. ಸಂಸ್ಥೆಯು ಕೊಂಡಿತು. ಮೊದಲೇ ಬೇರ್ಪಟ್ಟಿದ್ದ ಹಡಗುಕಟ್ಟೆಯು 1996ರಲ್ಲಿ ಮುಚ್ಚಿತು. ಔಗ್ಸ್‌ಬರ್ಗಿನಲ್ಲಿ ಡೀಸೆಲ್ಲನ ಮೊದಲ ಎಂಜಿನ್ನನ್ನು ಕಟ್ಟಿದ ಕಾರ್ಖಾನೆಯ ವಾರಸುದಾರನೇ ಎಂ.ಎ.ಎನ್. ಆದುದರಿಂದ, ಮೂಲದವನು ಪರವಾನಗಿ ಪಡೆದವನನ್ನು ನುಂಗಿದನು, ಕಥೆ ಮುಗಿಯಿತು ಎಂದು ಹೇಳಿಬಿಡುವುದು ಸುಲಭ.

ಆದರೆ ಎಂಜಿನ್ನಿನ ಒಳಗನ್ನು ನೋಡಿದರೆ ಕಥೆ ತಿರುವು ಪಡೆಯುತ್ತದೆ. ಎರಡು ಹೊಡೆತದ ದೊಡ್ಡ ಎಂಜಿನ್ನಿನಲ್ಲಿ ಸುಟ್ಟ ಹೊಗೆಯನ್ನು ಹೊರದೂಡಿ ಹೊಸ ಗಾಳಿಯನ್ನು ತುಂಬುವುದೇ ಕಠಿಣ ಸಮಸ್ಯೆ. ಎಂ.ಎ.ಎನ್. ಮತ್ತು ಸ್ವಿಟ್ಜರ್ಲೆಂಡಿನ ಸುಲ್ಜರ್ ಸಂಸ್ಥೆಗಳ ಎಂಜಿನ್‌ಗಳಲ್ಲಿ ಗಾಳಿಯು ಸಿಲಿಂಡರಿನ ಕೆಳಭಾಗದ ಕಿಂಡಿಗಳಿಂದ ನುಗ್ಗಿ, ಮೇಲೇರಿ, ಸುತ್ತಿ ಬಂದು, ಹೊಗೆಯನ್ನು ಕೆಳಗಿನ ಬೇರೆ ಕಿಂಡಿಗಳಿಂದಲೇ ಹೊರಗೆ ತಳ್ಳುತ್ತಿತ್ತು. ಬರ್ಮೈಸ್ಟರ್ ಮತ್ತು ವೇನ್ ಎಂಜಿನ್‌ಗಳಲ್ಲಿ ಗಾಳಿಯು ಕೆಳಗಿನಿಂದ ಬಂದು ಹೊಗೆಯು ಮೇಲಿನ ಕವಾಟದಿಂದ ಹೋಗುತ್ತಿತ್ತು. ಹರಿವು ಒಂದೇ ದಿಕ್ಕಿನದು. ಈ ಕವಾಟದಿಂದ ಯಂತ್ರ ಜಟಿಲವಾಗುತ್ತದೆಂಬ ಆಕ್ಷೇಪವಿತ್ತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಹಡಗಿನ ಒಡೆಯರು ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲರನ್ನು ಬಯಸತೊಡಗಿದರು, ಏಕೆಂದರೆ ಅದರಿಂದ ಇಂಧನ ಉಳಿಯುತ್ತದೆ. ಎಂಜಿನ್ ನಿಧಾನವಾಗಿ ತಿರುಗಿಯೂ ಶಕ್ತಿಯನ್ನು ಉಳಿಸಿಕೊಳ್ಳಬೇಕಾದರೆ ಪಿಸ್ಟನ್ನಿನ ಹೊಡೆತ ಉದ್ದವಾಗಬೇಕು. ಸಿಲಿಂಡರು ಉದ್ದವಾದಷ್ಟೂ ಸುತ್ತಿಬರುವ ಗಾಳಿಯು ತುದಿಯನ್ನು ಚೆನ್ನಾಗಿ ತೊಳೆಯಲಾರದಾಯಿತು; ಒಂದೇ ದಿಕ್ಕಿನ ಹರಿವಿಗೆ ಆ ತೊಡಕಿರಲಿಲ್ಲ.

ಪರಿಣಾಮವೇನಾಯಿತು? ಕೊಂಡ ಎಂ.ಎ.ಎನ್. ಸಂಸ್ಥೆಯು ನಿಧಾನಗತಿಯ ದೊಡ್ಡ ಎಂಜಿನ್‌ಗಳಲ್ಲಿ ತನ್ನ ಮಾದರಿಯನ್ನೇ ಕೈಬಿಟ್ಟು, ಕೊಂಡುಕೊಂಡ ಸಂಸ್ಥೆಯ ಮಾದರಿಯನ್ನು ಮುಂದುವರಿಸಿತು; ಆ ಎಂಜಿನ್‌ಗಳ ವಿನ್ಯಾಸಕಾರ್ಯ ಕೋಪನ್‌ಹೇಗನ್ನಿನಲ್ಲಿಯೇ ನಿಂತಿತು. 1980ರ ದಶಕದ ಆರಂಭದಲ್ಲಿ ಸುಲ್ಜರ್ ಸಂಸ್ಥೆಯೂ ಒಂದೇ ದಿಕ್ಕಿನ ಹರಿವಿಗೆ ತಿರುಗಿತು. ಅಲ್ಲಿಂದೀಚೆಗೆ ಕೋಪನ್‌ಹೇಗನ್ನಿನ ನಕ್ಷೆಗಳಂತೆ ದಕ್ಷಿಣ ಕೊರಿಯ, ಜಪಾನ್, ಚೀನಗಳ ಕಾರ್ಖಾನೆಗಳು ಪರವಾನಗಿಯ ಮೇಲೆ ಎಂಜಿನ್ ತಯಾರಿಸುತ್ತ ಬಂದಿವೆ. ಕೊಂಡ ಸಂಸ್ಥೆಯ ಹೆಸರು ಹಲವು ಬಾರಿ ಬದಲಾಗಿ 2025ರಲ್ಲಿ ಎವರ್‌ಲೆನ್ಸ್ ಎಂದಾಯಿತು.

ಹಾಗಾದರೆ ಇದು ಪತನವೇ, ವಿಜಯವೇ? ನಕ್ಷೆಯ ದೃಷ್ಟಿಯಿಂದ ವಿಜಯ. ಹಡಗುಕಟ್ಟೆಯಲ್ಲಿ ದುಡಿದವನ ದೃಷ್ಟಿಯಿಂದ ಪತನ. ಕೋಪನ್‌ಹೇಗನ್ನಿನಲ್ಲಿ ಜ್ಞಾನ ಉಳಿಯಿತು, ಉಳಿಯೂ ಸುತ್ತಿಗೆಯೂ ಹೋದವು. ಕಾಗದಕ್ಕೆ ಇಳಿಸಬಹುದಾದ ವಿದ್ಯೆಯನ್ನು ಪರವಾನಗಿಯಾಗಿ ಕಡಲಾಚೆಗೆ ಮಾರಬಹುದು. ಎರಕ ಹೊಯ್ಯುವವನ, ಬೇರಿಂಗನ್ನು ಕೈಯಿಂದ ಸವರಿ ಸರಿಗೊಳಿಸುವವನ ವಿದ್ಯೆಗೆ ಆ ಸೌಲಭ್ಯವಿಲ್ಲ. ಸಂಸ್ಥೆ ಬದುಕಿತೇ ಸತ್ತಿತೇ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವ ಚರಿತ್ರಕಾರನು ಈ ಎರಡು ವಿದ್ಯೆಗಳಲ್ಲಿ ಒಂದನ್ನು ಲೆಕ್ಕದಿಂದ ಬಿಟ್ಟಿರುತ್ತಾನೆ.

5

ಮೇಲಿನ ಪರಿಶೀಲನೆಯಿಂದ ನಮಗೆ ತೋರುವುದಿಷ್ಟು. ಮೊದಲನೆಯದು ಯಾವುದೆಂದು ಕೇಳುವುದಕ್ಕಿಂತ ಯಾರು ಯಾವುದನ್ನು ನಂಬಿ ಬಳಸಿದರೆಂದು ಕೇಳುವುದು ಹೆಚ್ಚು ಫಲಕಾರಿ. ಕಂಡುಹಿಡಿದವನಾರು ಎಂಬುದರೊಡನೆ, ಕಂಡುಹಿಡಿದುದನ್ನು ಅರಗಿಸಿಕೊಂಡವರಾರು ಎಂಬುದನ್ನೂ ಕೇಳಬೇಕು. ಕರಾರುಗಳು ಹೇಳದೆ ಉಳಿದ ಕೆಲಸಗಾರರನ್ನು ಬೇರೆ ಆಧಾರಗಳಿಂದ ಹುಡುಕಿ ತರಬೇಕು. ಶಾಸನಪಾಠದ ತರಗತಿಯಲ್ಲಿ ಈ ಎಚ್ಚರವನ್ನು ಕಲಿಸುವ ಅಧ್ಯಾಪಕರು ಕೈಗಾರಿಕೆಯ ಚರಿತ್ರೆಯನ್ನು ಬೋಧಿಸುವಾಗಲೂ ಇದನ್ನು ಕೈಬಿಡದಿದ್ದರೆ, ವಿದ್ಯಾರ್ಥಿಗಳು ಯಂತ್ರಗಳ ಪ್ರಶಸ್ತಿಗಳನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು ಅವುಗಳ ಚರಿತ್ರೆಯನ್ನು ಓದಲು ಕಲಿಯುವರು. ಸೆಲಾಂಡಿಯವು 1942ರಲ್ಲಿ ಬೇರೊಂದು ಹೆಸರಿನಿಂದ, ಬೇರೊಂದು ದೇಶದ ಬಾವುಟದಡಿಯಲ್ಲಿ, ಜಪಾನಿನ ಕರಾವಳಿಯ ಬಳಿ ನಾಶವಾಯಿತು. ಅದರ ಹಿಂದಿದ್ದ ಕೊಡುಕೊಳ್ಳುವಿಕೆಯ ಕಟ್ಟಳೆ ಇಂದಿಗೂ ನಡೆದಿದೆ.