ನಕ್ಷತ್ರಚಿಹ್ನೆಯ ಇಂಪೋರ್ಟ್ ಮತ್ತು ಸುಳ್ಳು ದೋಷಾರೋಪ

ಆಕರವನ್ನು ಹೇಳದ ಉಲ್ಲೇಖವನ್ನು ಇತಿಹಾಸಕಾರನು ಸಂಶಯದಿಂದಲೇ ನೋಡುತ್ತಾನೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಸ್ಥಳನಾಮಸೂಚಿಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಲು ಪೈಥಾನ್ ಭಾಷೆಯನ್ನು ಬಳಸುವಾಗ ಈ ಸಂಶಯವೇ ನಮಗೆ ಬೇರೊಂದು ರೂಪದಲ್ಲಿ ಎದುರಾಯಿತು.

ಪೈಥಾನಿನಲ್ಲಿ ಒಂದು ಮಾಡ್ಯೂಲಿನ ಹೆಸರುಗಳನ್ನು ಒಂದೊಂದಾಗಿ ಬರೆಯದೆ, ಕೇವಲ ನಕ್ಷತ್ರಚಿಹ್ನೆಯಿಂದ ಒಟ್ಟಾಗಿ ಇಂಪೋರ್ಟ್ ಮಾಡಬಹುದು. ಪ್ರೋಗ್ರಾಂ ನಿರ್ವಿಘ್ನವಾಗಿ ನಡೆಯುತ್ತದೆ. ಆದರೂ ಮೈಪೈ, ಪೈರೈಟ್ ಮೊದಲಾದ ಪರೀಕ್ಷಕಗಳು ಆ ಹೆಸರುಗಳೇ ಇಲ್ಲವೆಂದು ಕೆಲವೊಮ್ಮೆ ದೋಷ ಹೊರಿಸುತ್ತವೆ. ಇದಕ್ಕೆ ಕಾರಣ ಸ್ಪಷ್ಟ. ಅವು ಪ್ರೋಗ್ರಾಮನ್ನು ನಡೆಸುವುದಿಲ್ಲ, ಬರೆದುದನ್ನು ಓದುತ್ತವೆ, ಅಷ್ಟೆ. ನಡೆಯುವಾಗ ಮಾತ್ರ ಹುಟ್ಟುವ ಹೆಸರುಗಳು ಅವುಗಳಿಗೆ ಕಾಣವು. ಹೊರಗೆ ಕೊಡಬೇಕಾದ ಹೆಸರುಗಳನ್ನು ಮಾಡ್ಯೂಲು 'ಆಲ್' ಎಂಬ ಪಟ್ಟಿಯಲ್ಲಿ ಸಾರಬಹುದು. ಆದರೆ ಆ ಪಟ್ಟಿಯನ್ನು ಕೆಲವು ಸರಳ ರೀತಿಗಳಲ್ಲಿ ಕಟ್ಟಿದರೆ ಮಾತ್ರ ಪೈರೈಟ್ ಅದನ್ನು ಅರಿಯಬಲ್ಲದು.

ಆದಕಾರಣ "ಇಲ್ಲ" ಎಂಬ ಪರೀಕ್ಷಕದ ಮಾತಿಗೆ "ನನಗೆ ಕಾಣಲಿಲ್ಲ" ಎಂದಷ್ಟೇ ಅರ್ಥ. 1877ರಲ್ಲಿ ಪ್ರಕಟವಾದ ಮೆಡೋಸ್ ಟೇಲರನ ಆತ್ಮಕಥೆಯಲ್ಲಿ ಸುರಪುರವು 'ಶೋರಾಪೂರ್' ಎಂದಿದೆ. 'ಸುರಪುರ' ಎಂದು ಹುಡುಕಿ ಕಾಣದವನು ಆ ಸಂಸ್ಥಾನವೇ ಇರಲಿಲ್ಲವೆಂದು ತೀರ್ಮಾನಿಸಬಹುದೆ?

ಹಾಗೆಂದು ದೋಷಸೂಚನೆಗಳನ್ನೆಲ್ಲ ಸುಳ್ಳೆಂದು ಅಡಗಿಸಿಬಿಡುವ ರೂಢಿಯನ್ನೂ ನಾವು ಒಪ್ಪಲಾರೆವು. ಶಹಾಪುರವೆಂಬುದು ನಮ್ಮ ಜಿಲ್ಲೆಯಲ್ಲಿದೆ. ಬೆಳಗಾವಿ ನಗರದಲ್ಲಿಯೂ ಇದೆ. ಎರಡು ಪಟ್ಟಿಗಳನ್ನು ಆಕರ ಹೇಳದೆ ಒಂದರಲ್ಲಿ ಸುರಿದರೆ ಯಾವ ಶಹಾಪುರವೆಂದು ತಿಳಿಯುವುದೆಂತು? ಪೈಥಾನಿನಲ್ಲಿಯೂ ಹೀಗೆಯೇ. ವರ್ಗಮೂಲವನ್ನು ಕಂಡುಹಿಡಿಯುವ 'ಸ್ಕ್ವರ್ಟ್' ಎಂಬುದು ನಂಪೈಯಲ್ಲಿಯೂ ಇದೆ, ಮ್ಯಾಥ್ ಮಾಡ್ಯೂಲಿನಲ್ಲಿಯೂ ಇದೆ. ಮೊದಲನೆಯದು ಸಂಖ್ಯೆಗಳ ಸಾಲನ್ನೇ ಸ್ವೀಕರಿಸುತ್ತದೆ. ಎರಡನೆಯದು ಒಂದು ಸಂಖ್ಯೆಯನ್ನು ಮಾತ್ರ. ಎರಡನ್ನೂ ನಕ್ಷತ್ರಚಿಹ್ನೆಯಿಂದ ತಂದರೆ, ಹಿಂದೆ ಬಂದುದು ಮುಂದೆ ಬಂದುದರಿಂದ ಸದ್ದಿಲ್ಲದೆ ಮರೆಯಾಗುತ್ತದೆ. ಸುಳ್ಳು ಆರೋಪಕ್ಕಿಂತ ಈ ಮೌನವೇ ಹೆಚ್ಚು ಅಪಾಯಕರ. 2001ರಲ್ಲಿ ರಚಿತವಾದ 'ಪೆಪ್ 8' ಎಂಬ ಶೈಲಿನಿಯಮಾವಳಿಯೂ ಇಂಥ ಇಂಪೋರ್ಟನ್ನು ಸಾಮಾನ್ಯವಾಗಿ ವರ್ಜಿಸಬೇಕೆಂದೇ ಹೇಳುತ್ತದೆ.

ಹೀಗಿರುವಲ್ಲಿ ಪರಿಹಾರವು ಪರೀಕ್ಷಕದ ಬಾಯಿ ಮುಚ್ಚಿಸುವುದಲ್ಲ. ಬೇಕಾದ ಹೆಸರನ್ನು ಅದರ ಮೂಲದೊಡನೆ ಬರೆಯಬೇಕು. 'ಆಲ್' ಪಟ್ಟಿಯನ್ನು ನೇರವಾಗಿ ಕೊಡಬೇಕು. ಹೆಸರುಗಳು ನಡೆಯುವಾಗಲೇ ಹುಟ್ಟುವ ಕಡೆ ಅವುಗಳ ವಿವರವನ್ನು ಸ್ಟಬ್ ಫೈಲಿನಲ್ಲಿ ದಾಖಲಿಸಬೇಕು. ಇದು ಹೆಚ್ಚಿನ ಶ್ರಮವೆಂಬುದು ನಿಜ. ಆದರೆ ಅಡಿಟಿಪ್ಪಣಿ ಬರೆಯುವುದೂ ಶ್ರಮವೇ ಅಲ್ಲವೆ? ಆ ಶ್ರಮವನ್ನು ತಪ್ಪಿಸಿಕೊಂಡವನ ಸಂಶೋಧನೆಯನ್ನು ನಮ್ಮ ವಿದ್ಯಾರ್ಥಿಗಳು ನಂಬಬಾರದೆಂದು ನಾವೇ ಕಲಿಸುತ್ತೇವೆ.